ಬೇಚಿರಾಕ್

ತಾಲ್ಲೂಕು ಕಚೇರಿಯಿಂದ ಒಂದು ನಮೂನೆ ಬಂದಿದೆ:
ಗ್ರಾಮದ ಹೆಸರು, ಹೋಬಳಿ, ಕುಟುಂಬಗಳ ಸಂಖ್ಯೆ,
ಇತಿಹಾಸ (ಐದು ಸಾಲು ಮೀರದಂತೆ).

ಹೆಸರು ತೊಟ್ಟಿಲಕೊಪ್ಪಲು. ಅರಸೀಕೆರೆಯಿಂದ ಬರುವ ಬಸ್ಸು
ನಮ್ಮ ಬೋರ್ಡಿನ ಹತ್ತಿರ ನಿಧಾನಿಸುತ್ತದೆ, ನಿಲ್ಲುವುದಿಲ್ಲ.
ಇಳಿಯಲು ಕಲಿತವರೇ ಈ ಊರಿನವರು.
ಮನೆ ಎಂಬತ್ತೊಂದು.
ಒಲೆಯ ಲೆಕ್ಕದಲ್ಲಿ ಎಂಬತ್ತೆರಡು;
ಕರಿಬಸಪ್ಪನ ಮಕ್ಕಳು ಮೊನ್ನೆ ನಡುಗೋಡೆ ಎಬ್ಬಿಸಿದರು.

ನಾನು ಇತಿಹಾಸ ಓದಿದವನಲ್ಲ. ಡೈರಿಯ ಸೆಕ್ರೆಟರಿ.
ಬೆಳಿಗ್ಗೆ ಆರಕ್ಕೆ, ಸಂಜೆ ಆರಕ್ಕೆ ಹಾಲಿನ ಜಿಡ್ಡು ಅಳೆಯುತ್ತೇನೆ.
ಹಾಲಿನ ಪುಸ್ತಕದ ಹಿಂದಿನ ಹಾಳೆಗಳಲ್ಲಿ
ಕಿವಿಗೆ ಬಿದ್ದದ್ದನ್ನು ಗೀಚಿಟ್ಟಿದ್ದೇನೆ.
ಎಷ್ಟು ನೀರು ಬೆರೆತಿದೆಯೋ,
ಮಾತಿಗೆ ಲ್ಯಾಕ್ಟೋಮೀಟರ್ ಇಲ್ಲ.

ಮೊದಲ ಸಾಲು ಸುಲಭ.
ಕೆರೆ ಏರಿಯ ಮೇಲೆ ವೀರಗಲ್ಲು, ಮೂರು ಅಂತಸ್ತು.
ಕೆಳಗೆ ದನ ಹೊಡೆದುಕೊಂಡು ಹೋಗುವ ಕಳ್ಳರು,
ನಡುವೆ ಅಪ್ಸರೆಯರು, ಒಬ್ಬಳ ಮುಖ
ಕುಡುಗೋಲು ಮಸೆದೂ ಮಸೆದೂ ಸವೆದಿದೆ,
ಮೇಲೆ ಲಿಂಗ. ಸತ್ತವನ ಹೆಸರು ಓದಲು ಬರುವುದಿಲ್ಲ.
ದನ ಏಳು. ಎಣಿಸಬಹುದು.
'ಹಂಗಾದ್ರೆ ಡೈರಿ ಅವತ್ತೇ ಶುರುವಾಯ್ತು ಅಂತ ಬರ್ಕೊ'
ಎಂದರು ಆರಾಧ್ಯ ಮೇಷ್ಟ್ರು, ನಗದೆ.

ಎರಡನೆಯದು ಇಲಿ ಬಿದ್ದ ವರ್ಷದ್ದು.
ಸೂರಿನಿಂದ ಒಂದು, ಕಣಜದಿಂದ ಒಂದು, ಆಮೇಲೆ ಎಣಿಸಲಿಲ್ಲ.
ಪ್ಲೇಗಿಗೆ ಹೆದರಿ ಊರಿಗೆ ಊರೇ ಹೊಲಕ್ಕೆ ಹೋಗಿ ಗುಡಿಸಲು ಹಾಕಿತು.
ಕೆಲವರು ಅಲ್ಲೇ ಮಣ್ಣಾದರು, ಉಳಿದವರು ನೆಂಟರ ಊರು ಸೇರಿದರು.
ಶ್ಯಾನುಭೋಗ ಕುದುರೆಯ ಮೇಲಿಂದಲೇ ಇಣುಕಿ
ಖಾತೆಯಲ್ಲಿ ಬರೆದುಕೊಂಡ: ಬೇಚಿರಾಕ್.
ಅಂದರೆ ದೀಪವಿಲ್ಲದ ಊರು.
ಹನ್ನೊಂದು ವರ್ಷ ಕಾಗದದ ಮೇಲೆ ನಾವು ಇರಲಿಲ್ಲ.
ಅಮಲ್ದಾರ ಬರಲಿಲ್ಲ, ದೇವಿ ಹಾಕುವವನೂ ಬರಲಿಲ್ಲ.

ಆದರೆ ಸಂಕವ್ವ ಹೋಗಿರಲಿಲ್ಲ.
ನೀರುಗಂಟಿ ಜವರನ ಹೆಂಡತಿ, ಅವನನ್ನು ಮೊದಲ ವಾರವೇ ಹೂತವಳು.
'ನಾನೂ ಹೋದ್ರೆ ತೂಬು ಎತ್ತೋರ್ಯಾರು?'
ನೀರು ಕೇಳಲು ಕೆಳಗೆ ಒಂದು ಗದ್ದೆಯೂ ಇರಲಿಲ್ಲ. ಆದರೂ ಎತ್ತಿದಳು.
ದಿನಾ ಸಂಜೆ ಹೊಂಗೆ ಎಣ್ಣೆಯ ಒಂದು ಸೊಡರು,
ಮುಖ ಸವೆದ ಆ ಹೆಣ್ಣಿನ ಮುಂದೆ.
ಶ್ಯಾನುಭೋಗ ಬಂದದ್ದು ಹಗಲಲ್ಲಿ.
ಹಗಲಲ್ಲಿ ಯಾರು ದೀಪ ಹಚ್ಚುತ್ತಾರೆ?

ಮೂರನೆಯದರಲ್ಲಿ ಜನ ತಿರುಗಿ ಬರುತ್ತಾರೆ.
ಕುರುಬರ ಎರಡು ಮನೆ, ಕುರಿಗಳ ಹಿಂದೆ.
ತಿಪಟೂರಿನ ಕಡೆಯಿಂದ ಕಲಾಯಿ ಹಾಕುವ ಮೌಲಾ ಸಾಬಿ,
ಒಂದು ರಾತ್ರಿ ಮಲಗಲು ಬಂದವನು; ಗೋರಿ ಇಲ್ಲೇ ಇದೆ.
ಬಂದವರೆಲ್ಲ ಸಂಕವ್ವನಿಂದ ಬೆಂಕಿ ಕೇಳಿ ಒಯ್ದರು.
ಒಲೆ ಹತ್ತಿದ ಮೇಲೆ
ಅವಳ ಕೇರಿ ಎಲ್ಲಿ ಎಂದು ನೆನಪು ಮಾಡಿಕೊಂಡರು.

ನಾಲ್ಕನೆಯದನ್ನು ಎರಡು ಸಲ ಬರೆದು ಹೊಡೆದು ಹಾಕಿದ್ದೇನೆ.
ಡೈರಿ ಶುರುವಾದ ಮಂಗಳವಾರ
ಸಂಕವ್ವನ ಮರಿಮಗಳು ಪುಟ್ಟನಿಂಗಿ
ಸ್ಟೀಲಿನ ಉಗ್ಗ ಹಿಡಿದು ಸಾಲಿನಲ್ಲಿ ನಿಂತಳು.
ಒಂಬತ್ತು ಜನ ತಮ್ಮ ಹಾಲು ತಿರುಗಿ ಮನೆಗೆ ಒಯ್ದರು.
ಒಂಬತ್ತರಲ್ಲಿ ನಮ್ಮಪ್ಪ ಒಬ್ಬ.
ನಾಲ್ಕು ದಿನ ಮೊಸರು, ಮಜ್ಜಿಗೆ, ಮತ್ತೆ ಮಜ್ಜಿಗೆ.
ಐದನೆಯ ಬೆಳಿಗ್ಗೆ ಅವ್ವ ಮಾತಾಡದೆ ಕ್ಯಾನು ಎತ್ತಿಕೊಂಡು
ಪುಟ್ಟನಿಂಗಿಯ ಹಿಂದೆ ಹೋಗಿ ನಿಂತಳು.
ಅಪ್ಪ ಸಾಯುವವರೆಗೂ ಹಾಲು ಹಾಕಲು ಬರಲಿಲ್ಲ.
ಬಟವಾಡೆಗೆ ಬರುತ್ತಿದ್ದ.

ಐದನೆಯ ಸಾಲಿನಲ್ಲಿ ಏನು ಬರೆಯಲಿ?
ನಮೂನೆ ತುಂಬಿದ್ದು ಇಷ್ಟು:
'ಗ್ರಾಮವು ಪುರಾತನವಾದುದು. ಒಂದು ವೀರಗಲ್ಲಿದೆ.
ಹೈನುಗಾರಿಕೆ ಮುಖ್ಯ ಕಸುಬು.'
ಅಷ್ಟರಲ್ಲಿ ಕರೆಂಟು ಹೋಯಿತು.

ಸಾಲಿನಲ್ಲಿ ಕೊನೆಯವಳು ಪುಟ್ಟನಿಂಗಿ, ಈಗ ತಲೆ ಪೂರ್ತಿ ಬೆಳ್ಳಗೆ.
ಮೊಮ್ಮಗನ ಮೊಬೈಲಿನ ಬೆಳಕನ್ನು
ಬಾಗಿ ಪುಸ್ತಕದ ಮೇಲೆ ಹಿಡಿದಳು.
'ಬಿರ್ನೆ ಬರ್ಕೊಳಪ್ಪ, ಚಾರ್ಜು ಕಮ್ಮಿ ಐತೆ.'

ಎರಡು ಲೀಟರ್ ಮುನ್ನೂರು. ಜಿಡ್ಡು ನಾಲ್ಕು ಪಾಯಿಂಟ್ ಒಂದು.
ಬರೆದುಕೊಂಡೆ.